ಹೈಡ್ರೋಫಾಯಿಲ್ ಮತ್ತು ಬೇಡದ ಕಡೆ ಬರುವ ಕ್ಯಾವಿಟೇಷನ್

‘ಔಟ್‌ಬೋರ್ಡ್ ಮೋಟಾರಿಗೆ ಹೈಡ್ರೋಫಾಯಿಲ್ ಹಾಕಿಸಿದೆ, ಕ್ಯಾವಿಟೇಷನ್ ನಿಂತುಹೋಯಿತು.’ ಬಾಸ್ ಬೋಟ್ (ಬಾಸ್ ಮೀನು ಹಿಡಿಯುವ ದೋಣಿ) ಇಟ್ಟುಕೊಂಡವರ ಈ ವರದಿಯನ್ನು ಓದಿ ಓದಿ ಸಾಕಾಗಿದೆ. ಔಟ್‌ಬೋರ್ಡ್ ಎಂದರೆ ದೋಣಿಯ ಹಿಂಬದಿಗೆ ಹೊರಗಿನಿಂದ ಕೂರಿಸುವ ಮೋಟಾರ್; ಹೈಡ್ರೋಫಾಯಿಲ್ ಅದಕ್ಕೆ ಸಿಕ್ಕಿಸುವ ರೆಕ್ಕೆ. ಎರಡು ಪದಗಳಲ್ಲಿ ಮೊದಲನೆಯದನ್ನು ಹೇಗೋ ಒಪ್ಪಿಕೊಳ್ಳಬಹುದು. ಎರಡನೆಯದರ ಗೊಂದಲ ಮಾತ್ರ ಜೇಬಿಗೇ ಕತ್ತರಿ ಹಾಕುತ್ತದೆ.

ಕ್ಯಾವಿಟೇಷನ್ ಪದದ ಬೇರು ಲ್ಯಾಟಿನ್ನಿನ ‘ಕಾವುಸ್’, ಅಂದರೆ ಟೊಳ್ಳು. ಪ್ರೊಪೆಲರ್ ರಭಸವಾಗಿ ತಿರುಗುವಾಗ ಬ್ಲೇಡಿನ ಒಂದು ಬದಿಯಲ್ಲಿ ಒತ್ತಡ ಕುಸಿಯುತ್ತದೆ. ಒತ್ತಡ ಸಾಕಷ್ಟು ಇಳಿದರೆ ತಣ್ಣೀರೂ ಕುದಿಯುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನ ನೀರಿಗೆ ವಾತಾವರಣದ ಒತ್ತಡದ ಸುಮಾರು ಮೂವತ್ತರಲ್ಲೊಂದು ಪಾಲಿಗೆ ಇಳಿದರೆ ಆಯಿತು. ಹಾಗೆ ಹುಟ್ಟಿದ ಆವಿಯ ಗುಳ್ಳೆಗಳು ಒತ್ತಡ ಹೆಚ್ಚಿರುವ ಕಡೆಗೆ ಸರಿದೊಡನೆ ಕುಸಿಯುತ್ತವೆ. ಆ ಪೆಟ್ಟಿಗೆ ಲೋಹವೇ ಕಿತ್ತುಬರುತ್ತದೆ. ಬ್ಲೇಡಿನ ಬಣ್ಣ ಹೋಗಿ, ಹುಳು ತಿಂದಂತೆ ಸಣ್ಣ ಕುಳಿಗಳು ಕಂಡರೆ ಅದು ಕ್ಯಾವಿಟೇಷನ್ನಿನ ಗುರುತು. ಎಂಜಿನಿಯರ್ ಚಾರ್ಲ್ಸ್ ಪಾರ್ಸನ್ಸ್ 1894ರಲ್ಲಿ ನೀರಿಗಿಳಿಸಿದ ಉಗಿ ಹಡಗು ‘ಟರ್ಬಿನಿಯಾ’ ಇದೇ ಕಾಟದಿಂದ ವೇಗ ಪಡೆಯಲಾರದೆ, ಕಡೆಗೆ ಮೂರು ಶಾಫ್ಟ್‌ಗಳಿಗೆ ಒಂಬತ್ತು ಪ್ರೊಪೆಲರ್ ಹೊತ್ತು ಓಡಿತು. ಈ ಪ್ರಕರಣದಲ್ಲಿ ಹೊರಗಿನ ಗಾಳಿಯ ಕೈವಾಡ ಎಲ್ಲಿಯೂ ಇಲ್ಲ ಎಂಬುದನ್ನು ಗಮನಿಸಿ.

ತಿರುವಿನಲ್ಲಿ ಮೋಟಾರ್ ಇದ್ದಕ್ಕಿದ್ದಂತೆ ಚೀರಿ, ಆರ್‌ಪಿಎಂ ಮುಳ್ಳು ಮೇಲಕ್ಕೆ ಹಾರಿ, ದೋಣಿ ಮಾತ್ರ ತಳ್ಳು ಕಳೆದುಕೊಳ್ಳುತ್ತದಲ್ಲ, ಅದು ವೆಂಟಿಲೇಷನ್. ಮೇಲಿನ ಗಾಳಿಯೋ ಎಂಜಿನ್ನಿನ ಹೊಗೆಯೋ ಬ್ಲೇಡುಗಳ ನಡುವೆ ನುಗ್ಗಿ, ಪ್ರೊಪೆಲರಿಗೆ ತಳ್ಳಲು ಗಟ್ಟಿ ನೀರೇ ಸಿಗುವುದಿಲ್ಲ. ಪ್ರೊಪೆಲರಿನ ನೆತ್ತಿಯ ಮೇಲಿರುವ ಚಪ್ಪಟೆ ತಟ್ಟೆ ತಡೆಯುವುದು ಈ ಗಾಳಿಯನ್ನು. ಹೆಸರು ಆಂಟಿ-ವೆಂಟಿಲೇಷನ್ ಪ್ಲೇಟ್. ನುರಿತ ಮೆಕ್ಯಾನಿಕ್‌ಗಳೂ ಅದನ್ನು ‘ಕ್ಯಾವಿಟೇಷನ್ ಪ್ಲೇಟ್’ ಎಂದೇ ಕರೆಯುವುದರಿಂದ ಇಷ್ಟೆಲ್ಲ ರಾದ್ಧಾಂತ. ಫಾಯಿಲ್ ಕೂರುವುದು ಇದೇ ತಟ್ಟೆಯ ಮೇಲೆ. ತಟ್ಟೆ ಅಗಲವಾದಷ್ಟೂ ಗಾಳಿಗೆ ಅಡ್ಡ, ಹಾಗಾಗಿ ತಿರುವಿನ ಚೀರಾಟ ಕಡಿಮೆಯಾದೀತು. ಆದರೆ ಕಲ್ಲಿಗೆ ತಾಗಿ ಬ್ಲೇಡಿನ ಅಂಚು ಮುಕ್ಕಾಗಿ ಕ್ಯಾವಿಟೇಷನ್ ಆಗುತ್ತಿದ್ದರೆ ಎಷ್ಟು ಅಗಲದ ಫಾಯಿಲ್ ಹಾಕಿದರೂ ಅಷ್ಟೇ. ಪ್ರೊಪೆಲರ್ ರಿಪೇರಿಯಾಗಬೇಕು.

ಇನ್ನು ಹೈಡ್ರೋಫಾಯಿಲ್. ನೀರಿನಲ್ಲಿ ಚಲಿಸುತ್ತ ಎತ್ತುವ ಬಲ ಹುಟ್ಟಿಸುವ ಯಾವ ರೆಕ್ಕೆಗೂ ಈ ಹೆಸರು ಸಲ್ಲುತ್ತದೆ, ಆದ್ದರಿಂದ ಸುಳ್ಳೇನಲ್ಲ. ಕೇಳಿದವರ ಕಣ್ಣ ಮುಂದೆ ಬರುವುದು ಮಾತ್ರ ನೀರಿನಿಂದ ಪೂರ್ತಿ ಮೇಲೆದ್ದ ದೋಣಿ. ಅಲೆಕ್ಸಾಂಡರ್ ಗ್ರಹಾಂ ಬೆಲ್ ಮತ್ತು ಕೇಸಿ ಬಾಲ್ಡ್‌ವಿನ್ ಅವರ ಎಚ್‌ಡಿ-4 ಅಂಥದ್ದು. 1919ರಲ್ಲಿ ಕೆನಡಾದ ನೋವಾ ಸ್ಕೋಷಿಯಾದಲ್ಲಿ ಗಂಟೆಗೆ 70.86 ಮೈಲಿ ಓಡಿ ದಾಖಲೆ ಬರೆಯಿತು. ಔಟ್‌ಬೋರ್ಡಿನ ಫಾಯಿಲ್ ಎತ್ತುವುದು ದೋಣಿಯ ಹಿಂಭಾಗವನ್ನಷ್ಟೇ. ಭಾರವಾದ ಮೋಟಾರ್ ಹಿಂದೆ ನೇತಾಡುವ ಬಾಸ್ ಬೋಟ್ ಹೊರಡುವಾಗ ಮೂತಿ ಎತ್ತಿ ಎದುರಿನ ನೋಟವನ್ನೇ ಮುಚ್ಚುತ್ತದೆ. ಆಗ ಈ ರೆಕ್ಕೆ ನೆರವಿಗೆ ಬರುತ್ತದೆ. ದೋಣಿ ಬೇಗ ಪ್ಲೇನಿಗೆ, ಅಂದರೆ ನೀರಿನ ಮೇಲ್ಮೈಯಲ್ಲಿ ಜಾರುವ ಸ್ಥಿತಿಗೆ, ಏರುತ್ತದೆ, ನಿಧಾನವಾಗಿ ಓಡಿಸಿದರೂ ಆ ಸ್ಥಿತಿಯಲ್ಲೇ ಉಳಿಯುತ್ತದೆ.

‘ಟಾಪ್ ಸ್ಪೀಡ್ ಹೆಚ್ಚಿತು’ ಎಂಬ ಮಾತನ್ನು ನಾನು ಸುಲಭವಾಗಿ ನಂಬುವುದಿಲ್ಲ. ಸರಿಯಾದ ಎತ್ತರಕ್ಕೆ ಕೂರಿಸಿದ ಮೋಟಾರಿನಲ್ಲಿ ಪೂರ್ಣ ವೇಗದ ಹೊತ್ತಿಗೆ ತಟ್ಟೆ ನೀರಿನ ಮೇಲೇ ಇರುತ್ತದೆ, ಫಾಯಿಲಿಗೆ ಆಗ ಕೆಲಸವಿಲ್ಲ. ಅದು ನೀರಿನಲ್ಲೇ ಇದ್ದರೆ ಹಿಂಭಾಗವನ್ನು ಎತ್ತಿ ಮೂತಿಯನ್ನು ಕೆಳಕ್ಕೆ ಒತ್ತುತ್ತದೆ. ಎಳೆತ ಹೆಚ್ಚಿ ವೇಗ ತಗ್ಗುತ್ತದೆ, ಸ್ಟೀರಿಂಗ್ ಹಿಡಿತವೂ ಕೆಡುತ್ತದೆ. ಮೂತಿ ಎತ್ತಿ ಓಡಲೆಂದೇ ರೂಪಿಸಿದ ದೋಣಿಗೆ ಇದು ಉಲ್ಟಾ ಚಿಕಿತ್ಸೆ. ಟ್ರಿಮ್ (ಮೋಟಾರಿನ ಓರೆ), ಮೋಟಾರಿನ ಎತ್ತರ, ಪ್ರೊಪೆಲರ್, ಬ್ಯಾಟರಿಗಳ ಜಾಗ ಎಲ್ಲವನ್ನೂ ನೋಡಿದ ಮೇಲೂ ಫಾಯಿಲ್ ಬೇಕೆನಿಸಿದರೆ, ತೂತು ಕೊರೆಯದೆ ತಟ್ಟೆಯನ್ನು ಕಚ್ಚಿ ಹಿಡಿಯುವ ಬಗೆಯದನ್ನು ಮೊದಲು ಹಾಕಿ ನೋಡಿ. ಡ್ರಿಲ್ ಮಾಡಿದ ತೂತು ಮತ್ತೆ ಮುಚ್ಚುವುದಿಲ್ಲ.