ಆಟಕ್ಕುಂಟು, ಲೆಕ್ಕಕ್ಕಿಲ್ಲ: ‘ಅಫರ್ಮಿಂಗ್ ಚರ್ಚ್’ ಅಂದರೆ ಏನು?

‘ಅಫರ್ಮಿಂಗ್ ಚರ್ಚ್, ಅಂದರೆ ಗೇ ಜನರನ್ನೂ ಸ್ವಾಗತಿಸುವ ಚರ್ಚ್.’ ಮೊನ್ನೆ ಒಂದು ಲೇಖನದಲ್ಲಿ ಮತ್ತೆ ಈ ಸಾಲು ಕಣ್ಣಿಗೆ ಬಿತ್ತು. ಬರೆದವರ ಮನಸ್ಸು ಒಳ್ಳೆಯದೇ. ಅರ್ಥ ಮಾತ್ರ ತಪ್ಪು. ಇದನ್ನೇ ನಂಬಿಕೊಂಡು ಚರ್ಚ್ ಹುಡುಕಲು ಹೊರಟವರು ಒಂದೆರಡು ವರ್ಷ ಕಳೆದುಕೊಳ್ಳುತ್ತಾರೆ. ನಾನು ಕಳೆದುಕೊಂಡಿದ್ದೇನೆ.

ಸ್ವಾಗತಿಸುವ ಚರ್ಚ್ ನಿಮ್ಮನ್ನು ಒಳಗೆ ಕರೆಯುತ್ತದೆ. ಅಫರ್ಮಿಂಗ್ ಚರ್ಚ್ ಇನ್ನೂ ಮುಂದೆ ಹೋಗುತ್ತದೆ. ನೀವು ಗೇ ಆಗಿರುವುದು ಪಾಪವಲ್ಲ, ನಿಮ್ಮ ಸಂಗಾತಿಯ ಜೊತೆಗಿನ ಬಾಳು ಪಾಪವಲ್ಲ ಅಂತ ಬಾಯಿಬಿಟ್ಟು ಹೇಳುತ್ತದೆ. ಉಳಿದವರಿಗೆ ಏನೇನು ಉಂಟೋ ಅಷ್ಟೂ ನಿಮಗೂ ಉಂಟು ಅನ್ನುತ್ತದೆ. ದೀಕ್ಷಾಸ್ನಾನ, ಕರ್ತನ ಭೋಜನ, ಮದುವೆ, ಸಭೆಯ ಹಿರಿಯರ ಸ್ಥಾನ, ಪಾಸ್ಟರ್ ಕೆಲಸ, ಎಲ್ಲವೂ. ಇದರಲ್ಲಿ ಒಂದಕ್ಕೆ ‘ಆದರೆ’ ಸೇರಿದರೂ ಅದು ಅಫರ್ಮಿಂಗ್ ಅಲ್ಲ.

ಪದಗಳ ಬೇರು ನೋಡಿದರೆ ಗೊಂದಲ ಅಲ್ಲೇ ಬಿಡಿಸಿಕೊಳ್ಳುತ್ತದೆ. ‘ಸ್ವಾಗತ’ ಅಂದರೆ ಸು ಮತ್ತು ಆಗತ, ಚೆನ್ನಾಗಿ ಬಂದದ್ದು. ಇಂಗ್ಲಿಷಿನ ‘ವೆಲ್ಕಮ್’ ಹಳೆಯ ಇಂಗ್ಲಿಷಿನಲ್ಲಿ ‘ವಿಲ್ಕುಮ’ ಆಗಿತ್ತು. ಬಂದರೆ ಸಂತೋಷವಾಗುವ ಅತಿಥಿ ಅಂತ ಅದರ ಅರ್ಥ. ಅದು ಮೊದಲಿಗೆ ಒಬ್ಬ ವ್ಯಕ್ತಿಯನ್ನು ಹೇಳುವ ಪದ, ಬರುವವನನ್ನು. ‘ವೆಲ್’ ಅನ್ನುವುದು ಆಮೇಲೆ ಬಂದು ಸೇರಿತು. ಎರಡು ಭಾಷೆ, ಎರಡು ಪದ, ಎರಡೂ ಬರುವ ಗಳಿಗೆಯ ಬಗ್ಗೆ. ಉಳಿಯುವುದರ ಬಗ್ಗೆ ಎರಡೂ ಏನನ್ನೂ ಹೇಳುವುದಿಲ್ಲ. ಅತಿಥಿಗೆ ಒಳ್ಳೆಯ ಕುರ್ಚಿ ಕೊಡುತ್ತೇವೆ, ಮನೆಯ ಬೀಗದ ಕೈ ಕೊಡುವುದಿಲ್ಲ.

‘ಅಫರ್ಮ್’ ಬಂದಿದ್ದು ಲ್ಯಾಟಿನ್ನಿನ ‘ಫಿರ್ಮುಸ್’ನಿಂದ. ಗಟ್ಟಿ, ಅಲುಗಾಡದ್ದು ಅಂತ. ‘ಅಫಿರ್ಮಾರೆ’ ಅಂದರೆ ಗಟ್ಟಿ ಮಾಡುವುದು. ಚರ್ಚಿನಲ್ಲಿ ಬೆಳೆದವರಿಗೆ ಇದರ ಅಕ್ಕತಂಗಿ ಪದ ಚೆನ್ನಾಗಿ ಗೊತ್ತು: ಕನ್ಫರ್ಮೇಶನ್. ಕನ್ನಡದಲ್ಲಿ ಅದಕ್ಕೆ ದೃಢೀಕರಣ ಅನ್ನುತ್ತೇವೆ. ಹದಿಹರೆಯದಲ್ಲಿ ಬಿಷಪರು ತಲೆಯ ಮೇಲೆ ಕೈಯಿಟ್ಟು ಮಾಡುವುದು ಅದೇ. ನೀನು ಇಲ್ಲಿಯವನು, ಇನ್ನು ಮೇಲೆ ಈ ಸಭೆಯ ಲೆಕ್ಕಕ್ಕೆ ಸೇರಿದವನು ಅಂತ. ಎಷ್ಟೋ ಗೇ ಹುಡುಗರು, ಹುಡುಗಿಯರು ಆ ದೃಢೀಕರಣ ಪಡೆದ ಮೇಲೆಯೇ ಚರ್ಚ್ ಬಿಟ್ಟು ಹೋದದ್ದು. ಮೂವತ್ತು, ನಲವತ್ತು ದಾಟಿದ ಮೇಲೆ ಅವರು ಮತ್ತೆ ಹುಡುಕುವುದು ಅದೇ ಗಟ್ಟಿ ನೆಲವನ್ನು. ಅವರಿಗೆ ‘ಬನ್ನಿ ಬನ್ನಿ’ ಅಂದರೆ ಸಾಲದು ಅಲ್ವಾ?

ಹಾಗಾದರೆ ಕನ್ನಡದಲ್ಲಿ ಏನನ್ನಬೇಕು? ‘ದೃಢೀಕರಿಸುವ ಚರ್ಚ್’ ಆಗುವುದಿಲ್ಲ, ಆ ಪದಕ್ಕೆ ಆಗಲೇ ಬೇರೆ ಕೆಲಸವಿದೆ. ‘ಒಪ್ಪಿಕೊಳ್ಳುವ’ ಅನ್ನುವುದೂ ನನಗೆ ಸರಿ ಕಾಣುವುದಿಲ್ಲ. ತಪ್ಪು ಒಪ್ಪಿಕೊಳ್ಳುವುದು, ಸೋಲು ಒಪ್ಪಿಕೊಳ್ಳುವುದು, ಹೀಗೆ ಅದರ ಜೊತೆ ಸಾಲು ಸಾಲು ಬೇಸರದ ಪದಗಳಿವೆ. ‘ಸಹಿಸುವ’ ಅನ್ನುವವರ ಜೊತೆ ಮಾತೇ ಬೇಡ. ನನಗೆ ಸರಿ ಅನ್ನಿಸುವುದು ‘ಸೇರಿಸಿಕೊಳ್ಳುವ’. ಮಕ್ಕಳು ಆಟದ ಅಂಚಿನಲ್ಲಿ ನಿಂತು ‘ನನ್ನನ್ನೂ ಸೇರಿಸ್ಕೊಳ್ರೋ’ ಅನ್ನುತ್ತವಲ್ಲ, ಆ ಪದ. ಸುಮ್ನೆ ಸೇರಿಸುವುದಲ್ಲ, ಸೇರಿಸಿ‘ಕೊಳ್ಳುವುದು’. ಆ ‘ಕೊಳ್ಳು’ವಿನಲ್ಲಿ, ನೀನು ಬಂದರೆ ನಮ್ಮ ಬಳಗವೇ ತುಂಬುತ್ತದೆ ಅನ್ನುವ ಭಾವ ಇದೆ. ರೋಮಾಪುರದವರಿಗೆ ಬರೆದ ಪತ್ರದ 15ನೇ ಅಧ್ಯಾಯದಲ್ಲಿ, ಕ್ರಿಸ್ತ ನಿಮ್ಮನ್ನು ಸೇರಿಸಿಕೊಂಡ ಹಾಗೆ ನೀವೂ ಒಬ್ಬರನ್ನೊಬ್ಬರು ಸೇರಿಸಿಕೊಳ್ಳಿ ಅಂತ ಪೌಲ ಹೇಳುತ್ತಾನೆ. ಅಲ್ಲಿರುವ ಗ್ರೀಕ್ ಪದಕ್ಕೂ ತಮ್ಮ ಬಳಿಗೆ ತೆಗೆದುಕೊಳ್ಳುವುದು ಅಂತಲೇ ಅರ್ಥ.

ಮತ್ತೆ ಆ ಇನ್ನೊಂದು ಬಗೆಯ ಚರ್ಚಿಗೆ, ಸ್ವಾಗತ ಮಾತ್ರ ಇರುವುದಕ್ಕೆ, ನಮ್ಮಲ್ಲಿ ಮಾತು ಮೊದಲೇ ಇದೆ. ಆಟಕ್ಕುಂಟು, ಲೆಕ್ಕಕ್ಕಿಲ್ಲ. ಇಂಗ್ಲಿಷಿನವರು ಇದನ್ನೇ ‘ವೆಲ್ಕಮಿಂಗ್ ಬಟ್ ನಾಟ್ ಅಫರ್ಮಿಂಗ್’ ಅನ್ನುತ್ತಾರೆ. ಕೆಲವು ಚರ್ಚುಗಳು ಇದು ನಮ್ಮ ನಿಲುವು ಅಂತ ನೇರವಾಗಿ ಹೇಳುತ್ತವೆ. ಹಾಗೆ ಹೇಳುವವರ ಬಗ್ಗೆ ನನಗೆ ತಕರಾರು ಕಡಿಮೆ. ಎಲ್ಲಿ ನಿಂತಿದ್ದೇವೆ ಅಂತ ಆದರೂ ಗೊತ್ತಾಗುತ್ತದೆ. ಕಷ್ಟ ಇರುವುದು ಹೇಳದವರ ಜೊತೆ.

ನಾವಿಬ್ಬರೂ ಮೊದಲು ಹೋದ ಚರ್ಚ್ ಅಂಥದ್ದು. ಬಾಗಿಲಲ್ಲಿ ‘ಎಲ್ಲರಿಗೂ ಸ್ವಾಗತ’ ಅನ್ನುವ ಬೋರ್ಡ್. ಮೊದಲ ಭಾನುವಾರವೇ ನಾಲ್ಕು ಜನ ಕೈಕುಲುಕಿದರು. ನನ್ನ ಸಂಗಾತಿ ಕ್ವಾಯರ್ ಸೇರಿದರು, ನಾನು ಆರಾಧನೆ ಮುಗಿದ ಮೇಲೆ ಕುರ್ಚಿ ಮಡಚಲು ನಿಲ್ಲುತ್ತಿದ್ದೆ. ಒಂದೂವರೆ ವರ್ಷವಾದ ಮೇಲೆ ಸದಸ್ಯರ ಪುಸ್ತಕ ಅಚ್ಚಾಗಿ ಬಂತು. ಮುಂದಿನ ಪುಟಗಳಲ್ಲೆಲ್ಲ ಕುಟುಂಬಗಳು. ಗಂಡ, ಹೆಂಡತಿ, ಮಕ್ಕಳು, ಒಂದು ವಿಳಾಸ. ನಮ್ಮ ಹೆಸರು ಅಲ್ಲಿರಲಿಲ್ಲ. ಕೊನೆಯಲ್ಲಿ ‘ಒಂಟಿ ಸದಸ್ಯರು’ ಅಂತ ಒಂದು ಪಟ್ಟಿ. ನನ್ನ ಸಂಗಾತಿಯ ಹೆಸರು ಒಂದು ಪುಟದಲ್ಲಿ, ನನ್ನದು ಅದರ ಹಿಂದಿನ ಪುಟದಲ್ಲಿ, ಎರಡರ ಕೆಳಗೂ ಅದೇ ಮನೆ ನಂಬರು. ಪಾಸ್ಟರ್ ಅವರನ್ನು ಕೇಳಿದೆ. ಅವರು ಮೆತ್ತಗೆ, ಪ್ರೀತಿಯಿಂದಲೇ ‘ನಿಮಗೆ ಇಲ್ಲಿ ಯಾವಾಗಲೂ ಸ್ವಾಗತ ಇದೆ’ ಅಂದರು. ಒಂದೂವರೆ ವರ್ಷದ ನಂತರವೂ ನಾವು ಅಲ್ಲಿ ಬರುವವರೇ.

ಇದಕ್ಕೇ ಒಂದು ಪದ ಸಾಲದು ಅಂತ ಇತರರಿಗೂ ಅನ್ನಿಸಿದೆ. ಅಮೆರಿಕದ ಬ್ಯಾಪ್ಟಿಸ್ಟ್ ಪಂಗಡದವರಲ್ಲಿ 1993ರಲ್ಲಿ ಹುಟ್ಟಿದ ಕೂಟ ‘ವೆಲ್ಕಮಿಂಗ್ ಆ್ಯಂಡ್ ಅಫರ್ಮಿಂಗ್’ ಅಂತ ಎರಡನ್ನೂ ಹೆಸರಿನಲ್ಲಿ ಇಟ್ಟುಕೊಂಡಿದೆ. ಅಲ್ಲಿಯದೇ ಇನ್ನೊಂದು ಪಂಗಡ, ಯುನೈಟೆಡ್ ಚರ್ಚ್ ಆಫ್ ಕ್ರೈಸ್ಟ್, 1972ರಲ್ಲೇ ವಿಲಿಯಂ ಜಾನ್ಸನ್ ಎಂಬ, ತಾನು ಗೇ ಅಂತ ಮುಚ್ಚಿಡದ ವ್ಯಕ್ತಿಗೆ ಪಾಸ್ಟರ್ ಅಭಿಷೇಕ ಕೊಟ್ಟಿತು. 1985ರಲ್ಲಿ ‘ಓಪನ್ ಆ್ಯಂಡ್ ಅಫರ್ಮಿಂಗ್’ ಅಂತ ಘೋಷಿಸಿಕೊಳ್ಳಿ ಎಂದು ತನ್ನ ಸಭೆಗಳಿಗೆ ಕರೆ ಕೊಟ್ಟಿತು. ಪ್ರೆಸ್ಬಿಟೇರಿಯನ್ನರಲ್ಲಿ ಇದೇ ಅರ್ಥಕ್ಕೆ ‘ಮೋರ್ ಲೈಟ್’, ಮೆಥಡಿಸ್ಟರಲ್ಲಿ ‘ರೀಕನ್ಸೈಲಿಂಗ್’, ಲೂಥರನ್ನರಲ್ಲಿ ‘ರೀಕನ್ಸೈಲಿಂಗ್ ಇನ್ ಕ್ರೈಸ್ಟ್’. ಹುಡುಕುವವರು ಈ ಪದಗಳನ್ನು ತಿಳಿದಿರಬೇಕು, ಏಕೆಂದರೆ ಎಷ್ಟೋ ಬೋರ್ಡುಗಳ ಮೇಲೆ ‘ಗೇ’ ಅನ್ನುವ ಪದವೇ ಇರುವುದಿಲ್ಲ.

ಈ ಹೆಸರುಗಳು ಅಂಟುವುದು ಜಾಸ್ತಿ ಒಂದೊಂದು ಸಭೆಗೆ, ಇಡೀ ಪಂಗಡಕ್ಕಲ್ಲ. ಯುನೈಟೆಡ್ ಮೆಥಡಿಸ್ಟರನ್ನೇ ನೋಡಿ. 1972ರಿಂದ ಅವರ ನಿಯಮ ಪುಸ್ತಕದಲ್ಲಿ ಸಲಿಂಗ ಸಂಬಂಧ ಕ್ರೈಸ್ತ ಬೋಧನೆಗೆ ಹೊಂದುವುದಿಲ್ಲ ಎಂಬ ಮಾತಿತ್ತು. ಅದನ್ನು ತೆಗೆದದ್ದು 2024ರಲ್ಲಿ. ಆದರೆ ‘ರೀಕನ್ಸೈಲಿಂಗ್’ ಸಭೆಗಳ ಕೂಟ ಶುರುವಾದದ್ದು 1984ರಲ್ಲಿ. ಅಂದರೆ ನಾಲ್ಕು ದಶಕ ಪುಸ್ತಕದಲ್ಲಿ ಒಂದಿತ್ತು, ಆ ಸಭೆಗಳ ಬಾಗಿಲಲ್ಲಿ ಇನ್ನೊಂದಿತ್ತು. ಇದರ ಉಲ್ಟಾ ಕೂಡ ಆಗುತ್ತದೆ. ಪಂಗಡ ಒಪ್ಪಿದ ಮಾತ್ರಕ್ಕೆ ನಿಮ್ಮ ಬೀದಿಯ ಸಭೆ ಒಪ್ಪಿದೆ ಅಂತಲ್ಲ.

2023ರ ಡಿಸೆಂಬರಿನಲ್ಲಿ ವ್ಯಾಟಿಕನ್ ಹೊರಡಿಸಿದ ಪ್ರಕಟಣೆಯನ್ನೂ ಹೀಗೇ ಕೆಡಿಸಿ ಬರೆಯುತ್ತಾರೆ. ಅದು ಸಲಿಂಗ ಜೋಡಿಗಳಿಗೆ ಪಾದ್ರಿಗಳು ಆಶೀರ್ವಾದ ಕೊಡಬಹುದು ಅಂದಿತು. ಅದು ಮದುವೆಯಲ್ಲ, ಮದುವೆಯ ಹಾಗೆ ಕಾಣಲೂಬಾರದು ಅಂತ ಅಲ್ಲೇ ಹೇಳಿತು. ತುಂಬ ಜನರಿಗೆ ಆ ಆಶೀರ್ವಾದ ಕಣ್ಣೀರು ತರಿಸಿತು, ಅದು ಸಣ್ಣ ಮಾತಲ್ಲ. ಆದರೂ ಅದನ್ನು ಅಫರ್ಮಿಂಗ್ ಅನ್ನಬೇಡಿ.

ಅಫರ್ಮಿಂಗ್ ಅಂದರೆ ‘ಗೇ ಚರ್ಚ್’ ಅಂತಲೂ ಅಲ್ಲ. ಹಾಗೆ ಕರೆಸಿಕೊಂಡದ್ದು ಮೆಟ್ರೋಪಾಲಿಟನ್ ಕಮ್ಯುನಿಟಿ ಚರ್ಚ್. ತನ್ನ ಪಂಗಡದಿಂದ ಹೊರಬಿದ್ದಿದ್ದ ಟ್ರಾಯ್ ಪೆರಿ 1968ರ ಅಕ್ಟೋಬರ್ 6ರಂದು ಲಾಸ್ ಏಂಜಲಿಸ್ ಹತ್ತಿರದ ತನ್ನ ಮನೆಯಲ್ಲಿ 12 ಜನರ ಜೊತೆ ಅದನ್ನು ಆರಂಭಿಸಿದ. ಅಫರ್ಮಿಂಗ್ ಸಭೆಗಳಲ್ಲಿ ಸಾಮಾನ್ಯವಾಗಿ ಎಲ್ಲ ಬಗೆಯ ಕುಟುಂಬಗಳೂ ಇರುತ್ತವೆ.

ಹುಡುಕುತ್ತಿರುವವರಿಗೆ ಒಂದು ಮಾತು. ‘ನಮಗೆ ಸ್ವಾಗತ ಇದೆಯಾ?’ ಅಂತ ಕೇಳಬೇಡಿ. ಎಲ್ಲರೂ ಇದೆ ಅನ್ನುತ್ತಾರೆ. ಎರಡು ಪ್ರಶ್ನೆ ಕೇಳಿ: ಇಬ್ಬರು ಗಂಡಸರ, ಇಬ್ಬರು ಹೆಂಗಸರ ಮದುವೆಯನ್ನು ನಿಮ್ಮಲ್ಲಿ ಮಾಡಿಸುತ್ತೀರಾ? ಸಂಗಾತಿ ಇರುವ ಗೇ ವ್ಯಕ್ತಿ ಇಲ್ಲಿ ಪಾಸ್ಟರ್ ಆಗಬಹುದಾ? ‘ಬನ್ನಿ, ಕೂತು ಮಾತಾಡೋಣ’ ಅಂದರೆ ಸದ್ಯಕ್ಕೆ ಇಲ್ಲ ಅಂತ ಅರ್ಥ. ಈಗಿನ ನಮ್ಮ ಸಭೆಗೆ ನಾನು ಫೋನ್ ಮಾಡಿದಾಗ ಎತ್ತಿದವರು ಆಫೀಸಿನ ಒಬ್ಬ ಹಿರಿಯ ಹೆಂಗಸು. ‘ಹೌದು, ಎರಡಕ್ಕೂ’ ಅಂದರು. ಸಭೆಯಲ್ಲಿ ಮತ ಹಾಕಿ ತೀರ್ಮಾನ ಮಾಡಿದ್ದು, ಮೂರು ಜನ ವಿರುದ್ಧ ಇದ್ದರು ಅಂತಲೂ ಹೇಳಿದರು. ಆ ಮೂವರಲ್ಲಿ ಒಬ್ಬರು ಈಗಲೂ ನಮ್ಮ ಮುಂದಿನ ಸಾಲಿನಲ್ಲಿ ಕೂರುತ್ತಾರೆ. ಈ ವರ್ಷದ ಸದಸ್ಯರ ಪುಸ್ತಕ ಜೋಡಿಸಿದ್ದು ಅವರೇ. ನಮ್ಮಿಬ್ಬರ ಹೆಸರು ಒಂದೇ ಸಾಲಿನಲ್ಲಿದೆ.