ಮಳೆಗಾಲದಲ್ಲಿ ಮ್ಯಾನ್‌ಹೋಲ್ ಉಕ್ಕುವುದು ಯಾಕೆ?

ಜೂನ್ ಬಂತೆಂದರೆ ನನ್ನ ಫೋನಿಗೆ ಒಂದೇ ತರಹದ ವಿಡಿಯೊಗಳು ಬರಲು ಶುರು. ರಸ್ತೆ ನಡುವೆ ಮ್ಯಾನ್‌ಹೋಲ್ ಮುಚ್ಚಳ ಕುಣಿಯುತ್ತಿರುತ್ತದೆ, ಅಡಿಯಿಂದ ಕಪ್ಪು ನೀರು ಉಕ್ಕುತ್ತಿರುತ್ತದೆ. ಕೆಳಗೆ ಒಂದು ಸಾಲು: "ಪೈಪ್ ಸಣ್ಣದಾಯ್ತು ಸರ್, ದೊಡ್ಡದು ಹಾಕಿಸಬೇಕು." ಮಂಗಳೂರಿನಲ್ಲಿ ಒಳಚರಂಡಿ ಕೆಲಸ ಮಾಡಿಕೊಂಡು ಬಂದ ನಾನು ಹೇಳುವುದೇ ಬೇರೆ. ನಾನು ತೆರೆದು ನೋಡಿದ ಹೆಚ್ಚಿನ ಕಡೆ ಪೈಪ್ ಸಣ್ಣದಿರಲಿಲ್ಲ, ಅದರೊಳಗೆ ಬರಬಾರದ ನೀರು ಬರುತ್ತಿತ್ತು.

ಹಿಂದೊಂದು ಜುಲೈಯಲ್ಲಿ ಕದ್ರಿ ಕಡೆಯ ಇಳಿಜಾರಿನ ಒಂದು ಅಪಾರ್ಟ್‌ಮೆಂಟಿಗೆ ಹೋಗಿದ್ದೆ. ಕೆಳಗಿನ ಮನೆಯ ವಯಸ್ಸಾದ ಅಮ್ಮ ಬಕೆಟ್ ಹಿಡಿದು ಬಚ್ಚಲಿನಿಂದ ನೀರು ಹೊರಗೆ ಚೆಲ್ಲುತ್ತಿದ್ದರು. "ಇದೆಂತ ಮಾರಾಯ್ರೆ, ಮಳೆ ಬಂದ್ರೆ ಕಕ್ಕಸಿನ ನೀರು ಮನೆ ಒಳಗೆ ಬರುದಾ?" ಅಂದರು. ಹೊರಗಿನ ಚೇಂಬರ್ ತೆರೆಸಿದೆ. ನೀರು ಭರ್ರೆಂದು ಹರಿಯುತ್ತಿತ್ತು, ಹೆಚ್ಚುಕಮ್ಮಿ ತಿಳಿಯಾಗಿತ್ತು, ಅದರಲ್ಲಿ ಮಾವಿನ ಒಣ ಎಲೆ, ತೆಂಗಿನ ನಾರು. ಕಕ್ಕಸಿನ ಪೈಪಿನಲ್ಲಿ ಒಣ ಎಲೆ ಎಲ್ಲಿಂದ ಬರಬೇಕು, ಅಲ್ವಾ? ಒಂದು ಬಕೆಟ್ ನೀರಿಗೆ ಬಟ್ಟೆಗೆ ಹಾಕುವ ನೀಲಿ ಕಲಸಿ, ತಾರಸಿಯ ನೀರು ಇಳಿಯುವ ಪೈಪಿಗೆ ಸುರಿಯಲು ಹುಡುಗನನ್ನು ಮೇಲೆ ಕಳಿಸಿದೆ. ಅವನು ಕೆಳಗಿಳಿದು ಬರುವುದರೊಳಗೆ ಚೇಂಬರ್ ಪೂರ್ತಿ ನೀಲಿ. ಕಟ್ಟುವಾಗ ಹತ್ತಿರದಲ್ಲಿ ಮಳೆನೀರು ಹರಿಯುವ ತೋಡು ಇಲ್ಲವೆಂದು ತಾರಸಿ ನೀರನ್ನು ಸುಮ್ನೆ ಯುಜಿಡಿಗೆ, ಅಂದರೆ ಕೊಳಚೆ ಒಯ್ಯುವ ಒಳಚರಂಡಿಗೆ, ಸೇರಿಸಿಬಿಟ್ಟಿದ್ದರು.

ಲೆಕ್ಕ ನೋಡಿ. ನೂರು ಚದರ ಮೀಟರ್ ತಾರಸಿಯ ಮೇಲೆ ಒಂದು ಗಂಟೆಯಲ್ಲಿ 50 ಮಿಲಿಮೀಟರ್ ಮಳೆ ಬಿದ್ದರೆ 5,000 ಲೀಟರ್ ನೀರಾಯಿತು. ನಮ್ಮೂರಿನಲ್ಲಿ ಅಷ್ಟು ಮಳೆ ದೊಡ್ಡ ವಿಷಯವಲ್ಲ. ಒಳಚರಂಡಿ ಲೆಕ್ಕದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು, ಅದರ 80 ಶೇಕಡಾ ಕೊಳಚೆಯಾಗಿ ಹೊರಗೆ ಹೋಗುತ್ತದೆ ಎಂದು ಹಿಡಿಯುತ್ತೇವೆ. ಐದು ಜನರ ಮನೆಗೆ ದಿನಕ್ಕೆ 540 ಲೀಟರ್. ಅಂದರೆ ಆ ಮನೆಯವರು ಒಂಬತ್ತು ದಿನದಲ್ಲಿ ಬಿಡುವ ನೀರನ್ನು ತಾರಸಿ ಒಂದೇ ಗಂಟೆಯಲ್ಲಿ ಬಿಡುತ್ತದೆ. ಇಂಥ ಹತ್ತು ಮನೆ ಒಂದೇ ಸಾಲಿನಲ್ಲಿದ್ದರೆ ಯಾವ ಪೈಪ್ ತಡೆದೀತು?

ಹಾಗಾದರೆ ದೊಡ್ಡ ಪೈಪನ್ನೇ ಹಾಕಬಹುದಲ್ಲ ಎಂದು ಕೇಳುತ್ತಾರೆ. ಆಗುವುದಿಲ್ಲ. ಕೊಳಚೆ ನೀರು ದಿನದಲ್ಲಿ ಒಮ್ಮೆಯಾದರೂ ಸೆಕೆಂಡಿಗೆ 0.6 ಮೀಟರ್ ವೇಗದಲ್ಲಿ ಓಡಬೇಕು, ಆಗ ಮಾತ್ರ ಅಡಿಯ ಕೆಸರು ಕೊಚ್ಚಿಕೊಂಡು ಹೋಗುತ್ತದೆ. ಮಳೆಯ ಲೆಕ್ಕಕ್ಕೆ ಪೈಪ್ ಹಾಕಿದರೆ ಬೇಸಿಗೆಯಲ್ಲಿ ಅದರೊಳಗೆ ನೀರು ಗೆರೆಯಷ್ಟೇ ಹರಿದು, ಕೆಸರು ಅಲ್ಲೇ ಕೂತು ಕೊಳೆಯುತ್ತದೆ. ಕೊಳೆತಲ್ಲಿ ಹೈಡ್ರೋಜನ್ ಸಲ್ಫೈಡ್ ಅನಿಲ ಹುಟ್ಟುತ್ತದೆ. ಪೈಪಿನ ಮೇಲ್ಭಾಗದ ತೇವದಲ್ಲಿರುವ ಬ್ಯಾಕ್ಟೀರಿಯಾ ಅದನ್ನು ಸಲ್ಫ್ಯೂರಿಕ್ ಆಮ್ಲ ಮಾಡುತ್ತದೆ, ಆಮ್ಲ ಕಾಂಕ್ರೀಟನ್ನು ತಿನ್ನುತ್ತದೆ. ಮನುಷ್ಯರ ಜೀವ ತೆಗೆಯುವುದೂ ಇದೇ ಅನಿಲ. ಜಾಸ್ತಿ ಇದ್ದಾಗ ಮೂಗಿಗೆ ವಾಸನೆಯೇ ಗೊತ್ತಾಗುವುದಿಲ್ಲ, ವಾಸನೆ ಇಲ್ಲ ಎಂದು ಇಳಿದವರು ವಾಪಸ್ ಬಂದಿಲ್ಲ. ದಯವಿಟ್ಟು ಯಾರನ್ನೂ ಗುಂಡಿಗೆ ಇಳಿಸಬೇಡಿ. ರಕ್ಷಣಾ ಸಾಧನ ಇಲ್ಲದೆ ಇಳಿಸುವುದನ್ನು ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆ ಅಪರಾಧ ಎಂದೇ ಹೇಳುತ್ತದೆ. ನೀರು ರಭಸದಿಂದ ಹಾಯಿಸಿ ಪೈಪ್ ಬಿಡಿಸುವ ಜೆಟ್ಟಿಂಗ್ ಗಾಡಿ ಬರುವವರೆಗೆ ಕಾಯಿರಿ, ಎರಡು ದಿನ ಆದರೂ ಸರಿ.

ಮಂಗಳೂರು ಗುಡ್ಡ, ತಗ್ಗುಗಳ ಊರು. ಮೇಲಿನವರ ನೀರೆಲ್ಲ ಕುದ್ರೋಳಿ, ಜೆಪ್ಪುವಿನಂಥ ತಗ್ಗಿಗೆ ಇಳಿದು, ಅಲ್ಲಿಂದ ವೆಟ್‌ವೆಲ್ಲಿನ (ಕೊಳಚೆ ಸೇರುವ ಬಾವಿಯಂಥ ತೊಟ್ಟಿಯ) ಪಂಪು ಅದನ್ನು ಮುಂದೆ ತಳ್ಳಬೇಕು. ಮೇಲೆ ತಾರಸಿ ಪೈಪ್ ಜೋಡಿಸಿಕೊಂಡವರಿಗೆ ಏನೂ ಗೊತ್ತಾಗುವುದಿಲ್ಲ. ಕೆಳಗಿನವರ ಅಂಗಳದಲ್ಲಿ ಉಕ್ಕುತ್ತದೆ, ಅಲ್ಲಿಂದ ಬಾವಿಗೆ. ನಮ್ಮದು ಮುರಕಲ್ಲಿನ ನೆಲ, ತೂತು ತೂತು, ಒಮ್ಮೆ ಇಂಗಿದ ಕೊಳಚೆ ಬಾವಿ ಸೇರಲು ಹೆಚ್ಚು ಹೊತ್ತು ಬೇಡ. ಉಡುಪಿಯಲ್ಲಿ ಕೊಳಚೆ ಸೇರಿ ಕೆಟ್ಟ ಇಂದ್ರಾಣಿ ತೋಡಿನ ಬದಿಯವರನ್ನು ಕೇಳಿ, ಬಾವಿ ಕೆಟ್ಟರೆ ಹೇಗಿರುತ್ತದೆ ಎಂದು ಅವರೇ ಹೇಳುತ್ತಾರೆ.

ಇಷ್ಟೆಲ್ಲ ನೀರು ಕೊನೆಗೆ ಕಾವೂರು, ಬಜಾಲ್, ಸುರತ್ಕಲ್‌ನ ಎಸ್‌ಟಿಪಿಗಳಿಗೆ, ಅಂದರೆ ಕೊಳಚೆ ಶುದ್ಧ ಮಾಡುವ ಘಟಕಗಳಿಗೆ, ಹೋಗಬೇಕು. ಎಸ್‌ಟಿಪಿಯಲ್ಲಿ ಕೆಲಸ ಮಾಡುವುದು ಸೂಕ್ಷ್ಮಜೀವಿಗಳು. ಗಾಳಿ ಊದಿ ಅವುಗಳನ್ನು ಸಾಕುತ್ತೇವೆ, ಅವು ಕೊಳಚೆ ತಿನ್ನುತ್ತವೆ. ಮಳೆನೀರು ನುಗ್ಗಿದರೆ ಅವು ತೊಟ್ಟಿಯಿಂದ ಕೊಚ್ಚಿಕೊಂಡೇ ಹೋಗುತ್ತವೆ. ಮತ್ತೆ ಬೆಳೆಸಲು ವಾರಗಟ್ಟಲೆ ಬೇಕು, ಅಷ್ಟರಲ್ಲಿ ಇನ್ನೊಂದು ಮಳೆ. ಅಪಾರ್ಟ್‌ಮೆಂಟಿನ ಸ್ವಂತ ಎಸ್‌ಟಿಪಿಗೆ ಇನ್ನೊಂದು ಕಾಯಿಲೆ: ಕರೆಂಟ್ ಬಿಲ್ ಉಳಿಸಲು ರಾತ್ರಿ ಗಾಳಿ ಊದುವ ಬ್ಲೋವರ್ ಆಫ್ ಮಾಡುವುದು. ಬೆಳಿಗ್ಗೆ ವಾಸನೆ ಬಂದರೆ ಯಂತ್ರವನ್ನು ಬೈಯಬೇಡಿ, ಜೀವಿಗಳಿಗೆ ಉಸಿರು ಸಿಕ್ಕಿಲ್ಲ.

ನನಗೆ ಹೊಟ್ಟೆ ಉರಿಯುವುದು ಬೇಸಿಗೆಯಲ್ಲಿ. 2019ರ ಮೇಯಲ್ಲಿ, ಮಂಗಳೂರಿಗೆ ಕುಡಿಯುವ ನೀರು ಕೊಡುವ ತುಂಬೆ ಅಣೆಕಟ್ಟಿನಲ್ಲಿ ನೀರು ಇಳಿದು ಊರಿಗೆ ಪಾಳಿ ಪ್ರಕಾರ ನೀರು ಬಿಟ್ಟದ್ದು ನಿಮಗೂ ನೆನಪಿರಬಹುದು. ಆಗಲೂ ಕುಡಿಯುವ ನೀರನ್ನೇ ಕಕ್ಕಸಿಗೆ ಸುರಿಯುತ್ತಿದ್ದೆವು. ಒಬ್ಬರ 135 ಲೀಟರಿನಲ್ಲಿ 45 ಲೀಟರ್ ಫ್ಲಶ್‌ಗೇ ಎಂದು ಲೆಕ್ಕ. ಆ ಮೂರನೇ ಒಂದು ಪಾಲಿಗೆ ಶುದ್ಧ ಮಾಡಿದ ನೀರು ಧಾರಾಳ ಸಾಕು. ಊರಿನ ಕೊಳಚೆಯನ್ನು ಶುದ್ಧ ಮಾಡಿ ಎಂಎಸ್‌ಇಝಡ್‌ನ (ಮಂಗಳೂರು ವಿಶೇಷ ಆರ್ಥಿಕ ವಲಯದ) ಕೈಗಾರಿಕೆಗಳಿಗೆ ಕೊಡುವ ವ್ಯವಸ್ಥೆ ನಮ್ಮಲ್ಲೇ ಇದೆ. ಕಾರ್ಖಾನೆಗೆ ಆಗುವ ನೀರು ನಮ್ಮ ಫ್ಲಶ್ ಟ್ಯಾಂಕಿಗೆ ಆಗುವುದಿಲ್ಲವೇ? ಹೊಸ ಕಟ್ಟಡ ಕಟ್ಟುವವರು ಫ್ಲಶ್‌ಗೆ ಶುದ್ಧ ಮಾಡಿದ ನೀರು ತರುವ ಎರಡನೇ ಪೈಪ್‌ಲೈನ್ ಮೊದಲೇ ಹಾಕಿಸಿ. ಗೋಡೆ ಒಡೆದು ಆಮೇಲೆ ಹಾಕುವ ಖರ್ಚು ನಾನು ನೋಡಿದ್ದೇನೆ, ಯಾರೂ ಒಪ್ಪುವುದಿಲ್ಲ.

ಕದ್ರಿಯ ಆ ಅಪಾರ್ಟ್‌ಮೆಂಟಿನಲ್ಲಿ ತಾರಸಿ ಪೈಪನ್ನು ಯುಜಿಡಿಯಿಂದ ಬಿಡಿಸಿ, ಜಲ್ಲಿ, ಮರಳು ತುಂಬಿದ ಸೋಸು ಗುಂಡಿಯ ಮೂಲಕ ಹಳೆ ಬಾವಿಗೆ ಬಿಟ್ಟೆವು. ಎರಡು ದಿನದ ಕೆಲಸ. ನಿಮ್ಮಲ್ಲೂ ಪತ್ತನಾಜೆಗೆ (ಮೇ ಕೊನೆಯ ಹೊತ್ತಿಗೆ, ಮಳೆಗಾಲಕ್ಕೆ ಮುಂಚೆ ಬರುವ ತುಳುವರ ದಿನ) ಮೊದಲು ಒಂದು ಬಕೆಟ್ ನೀಲಿ ನೀರು ತಾರಸಿಯಿಂದ ಬಿಟ್ಟು, ಚೇಂಬರ್ ಮುಚ್ಚಳ ತೆಗೆದು ನೋಡಿ.