ಸಭೆಯ ಮುಂದೆ ಮೊದಲ ನಿಮಿಷ

ಮಾತುಗಾರಿಕೆ ಕಲಿಯಲು ನನ್ನ ಬಳಿ ಬರುವವರಲ್ಲಿ ಹೆಚ್ಚಿನವರು ಭಾಷಣಕಾರರಾಗಬೇಕೆಂದು ಬಂದವರಲ್ಲ; ಕೆಲಸದ ನಿಮಿತ್ತ ಸಭೆಯ ಮುಂದೆ ನಿಲ್ಲಲೇಬೇಕಾದ ಶಿಕ್ಷಕರು, ಕೃಷಿ ಅಧಿಕಾರಿಗಳು, ಸಹಕಾರ ಸಂಘದ ಕಾರ್ಯದರ್ಶಿಗಳು. ಧೈರ್ಯ ತಂದುಕೊಳ್ಳುವುದು ಹೇಗೆ ಎಂದು ಎಲ್ಲರೂ ಕೇಳುತ್ತಾರೆ. ನಮ್ಮ ಗಮನ ನಮ್ಮ ಮೇಲಿಂದ ಎದುರಿಗೆ ಕುಳಿತವರ ಕಡೆಗೆ ಹೊರಳಿದರೆ ಧೈರ್ಯ ಅದರ ಹಿಂದೆಯೇ ಬರುತ್ತದೆ ಎಂಬುದು ಇಷ್ಟು ವರ್ಷಗಳ ಕೆಲಸದಲ್ಲಿ ನಾನು ಕಂಡುಕೊಂಡದ್ದು.

ಅಂಜಿಕೆಯಾಗುವುದು ಸಹಜ. ಎದ್ದು ನಿಂತೊಡನೆ ಮೈಯಲ್ಲಿ ಅಡ್ರಿನಲಿನ್ ಏರಿ ಎದೆ ಹೊಡೆದುಕೊಳ್ಳುತ್ತದೆ, ಬಾಯಿ ಒಣಗುತ್ತದೆ, ಉಸಿರು ಎದೆಯ ಮೇಲ್ಭಾಗದಲ್ಲೇ ಆಡತೊಡಗುತ್ತದೆ. ಆ ಮೇಲುಸಿರಿನಲ್ಲೇ ಮಾತು ಶುರುಮಾಡಿದರೆ ಪ್ರತಿ ವಾಕ್ಯದ ಕೊನೆಯೂ ಗಂಟಲಲ್ಲೇ ಉಳಿಯುತ್ತದೆ. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೇ ಬರುವುದರಿಂದ ನಾವು ‘ಸಿಂಪಡಿಸಬೇಕು’ ಎಂದೆವೋ ‘ಸಿಂಪಡಿಸಬಾರದು’ ಎಂದೆವೋ ಹಿಂದಿನ ಸಾಲಿನವರಿಗೆ ತಿಳಿಯುವುದೇ ಇಲ್ಲ. ಆದ್ದರಿಂದ ಮೈಕಿನ ಮುಂದೆ ನಿಂತ ಮೇಲೆ ಹೊಟ್ಟೆ ಉಬ್ಬುವಂತೆ ಒಮ್ಮೆ ಉಸಿರೆಳೆದು, ಎಳೆದದ್ದಕ್ಕಿಂತ ನಿಧಾನವಾಗಿ ಬಿಟ್ಟು, ಆಮೇಲೆ ಬಾಯಿ ತೆರೆಯಬೇಕು. ಕೈ ನಡುಗುವವರು ಟಿಪ್ಪಣಿಯನ್ನು ತೆಳು ಹಾಳೆಯ ಬದಲು ದಪ್ಪ ರಟ್ಟಿನ ಮೇಲೆ ಬರೆದುಕೊಳ್ಳಲಿ.

ನಮ್ಮ ಸಭೆಗಳಲ್ಲಿ ಈ ಮೊದಲ ನಿಮಿಷವನ್ನು ‘ವೇದಿಕೆಯ ಮೇಲೆ ಆಸೀನರಾಗಿರುವ’ ಎಂದು ಶುರುವಾಗುವ ಹೆಸರುಗಳ ಪಟ್ಟಿ ತಿಂದುಹಾಕುತ್ತದೆ. ಗೌರವ ಸಲ್ಲಿಸಬಾರದೆಂದು ನಾನು ಹೇಳುವುದಿಲ್ಲ, ಆದರೆ ಸ್ವಾಗತ ಭಾಷಣದಲ್ಲಿ ಒಮ್ಮೆ ಬಂದ ಹೆಸರುಗಳನ್ನು ಐದನೆಯ ಭಾಷಣಕಾರರೂ ಓದಿದರೆ ಕೇಳುಗರ ಮನಸ್ಸು ಅಷ್ಟರಲ್ಲಿ ಊಟದ ಕಡೆ ಹೋಗಿರುತ್ತದೆ. ಮಾತನಾಡುವವರಿಗೂ ಯಾರ ಹೆಸರು ಬಿಟ್ಟುಹೋಯಿತೋ ಎಂಬ ಕಳವಳವೇ ಉಳಿಯುತ್ತದೆ. ಅಧ್ಯಕ್ಷರಿಗೆ ಮತ್ತು ಸಭೆಗೆ ಒಂದು ನಮಸ್ಕಾರ ಸಾಕು.

ಫಾಲ್ ಸೈನಿಕ ಹುಳು 2018ರಲ್ಲಿ, ದೇಶದಲ್ಲೇ ಮೊದಲಿಗೆ, ಶಿವಮೊಗ್ಗದ ಮೆಕ್ಕೆಜೋಳದಲ್ಲಿ ಕಾಣಿಸಿಕೊಂಡ ಮೇಲೆ ಅದರ ಹತೋಟಿಯ ಬಗ್ಗೆ ರೈತರಿಗೆ ತಿಳಿಸಬೇಕಾಗಿದ್ದ ಯುವ ಕೃಷಿ ಅಧಿಕಾರಿಯೊಬ್ಬರು ನನ್ನಲ್ಲಿಗೆ ಬಂದಿದ್ದರು. ಅವರು ಬರೆದುಕೊಂಡಿದ್ದ ಭಾಷಣ ಕೀಟದ ವೈಜ್ಞಾನಿಕ ಹೆಸರಿನಿಂದ ಹೊರಟು, ಅಮೆರಿಕ ಖಂಡದ ಆ ಹುಳು 2016ರಲ್ಲಿ ಆಫ್ರಿಕದಲ್ಲಿ ಕಾಣಿಸಿಕೊಂಡ ಕಥೆಯನ್ನೆಲ್ಲ ಹೇಳಿ, ರೈತರ ಹೊಲಕ್ಕೆ ಬರುವಷ್ಟರಲ್ಲಿ ಹತ್ತು ನಿಮಿಷ ಕಳೆಯುತ್ತಿತ್ತು. ಹುಳು ಬಿದ್ದ ಒಂದು ಗಿಡವನ್ನೇ ಕಿತ್ತುಕೊಂಡು ಹೋಗಿ ಎಂದೆ. ಸಭೆಯ ದಿನ ಅವರು ಆ ಗಿಡವನ್ನು ಮುಂದಿನ ಸಾಲಿನ ಹಿರಿಯರೊಬ್ಬರ ಕೈಗೆ ಕೊಟ್ಟು, ‘ಯಜಮಾನ್ರೇ, ಈ ಸುಳಿ ಸ್ವಲ್ಪ ಬಿಡಿಸಿ ನೋಡಿ, ಒಳಗೆ ಏನಿದೆ ಹೇಳಿ’ ಎಂದರು. ಸುಳಿ ಬಿಡಿಸಿದಾಗ ಮರದ ಹೊಟ್ಟಿನಂಥ ಹಿಕ್ಕೆ ಉದುರಿತು, ಅದರೊಳಗೆ ತಲೆಯ ಮೇಲೆ ತಲೆಕೆಳಗಾದ ವೈ ಅಕ್ಷರದ ಗುರುತಿದ್ದ ಹುಳು. ಹಿಂದೆ ಕುಳಿತಿದ್ದವರು ಎದ್ದು ಮುಂದೆ ಬಂದರು. ಅಧಿಕಾರಿಯ ದನಿಯಲ್ಲಿದ್ದ ನಡುಕ ಅಷ್ಟರಲ್ಲಿ ಹೋಗಿತ್ತು. ಸಭೆಯ ಕಣ್ಣು ಹುಳುವಿನ ಮೇಲಿತ್ತು, ಅವರ ಕಣ್ಣು ಆ ಹಿರಿಯರ ಮುಖದ ಮೇಲಿತ್ತು.

ಕರಾವಳಿಯ ತಾಳಮದ್ದಳೆಯನ್ನು ಒಮ್ಮೆಯಾದರೂ ಹತ್ತಿರ ಕುಳಿತು ಕೇಳಬೇಕೆಂದು ನಾನು ಎಲ್ಲ ಶಿಕ್ಷಣಾರ್ಥಿಗಳಿಗೂ ಹೇಳುತ್ತೇನೆ. ಅಲ್ಲಿ ಬಣ್ಣವಿಲ್ಲ, ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಕುಳಿತಲ್ಲಿಂದಲೇ ಆಶುವಾಗಿ ಅರ್ಥ ಹೇಳುತ್ತಾರೆ. ಎದುರಾಳಿಯ ಮಾತನ್ನು ಪೂರ್ತಿ ಕೇಳಿಸಿಕೊಳ್ಳದೆ ಉತ್ತರ ಕೊಡಲಾಗದ್ದರಿಂದ ಒಳ್ಳೆಯ ಅರ್ಥಧಾರಿಗೆ ಕಿವಿಯೇ ಮೊದಲ ಬಂಡವಾಳ.

ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡುವುದನ್ನು ನಾನು ಬಿಡಿಸುವುದೂ ಇದಕ್ಕಾಗಿಯೇ, ಏಕೆಂದರೆ ಕನ್ನಡಿಯಲ್ಲಿ ಕಾಣುವುದು ನಮ್ಮ ಮುಖ ಮಾತ್ರ. ಮೊದಲ ಎರಡು ವಾಕ್ಯಗಳನ್ನಷ್ಟೇ ಬಾಯಿಪಾಠ ಮಾಡಿ. ಉಳಿದದ್ದನ್ನು ಆ ವಿಷಯವೇ ತಿಳಿಯದ ಮನೆಯವರೊಬ್ಬರಿಗೆ ಹೇಳಿ, ಅವರಿಂದ ತಿರುಗಿ ಹೇಳಿಸಿ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ನಿಮ್ಮ ಮಾತನ್ನು ತಿದ್ದಿಕೊಳ್ಳಿ.